ರಿವರ್ಸ್ ಲೈಟ್ ಹತ್ತುತ್ತಿಲ್ಲವೇ? ಬಲ್ಬ್ ಬದಲಿಸುವ ಮೊದಲು ಗೇರ್‌ಬಾಕ್ಸ್ ಸ್ವಿಚ್ ನೋಡಿ

ಟೊಮೆಟೊ ಸೀಸನ್‌ನಲ್ಲಿ ಚಿಂತಾಮಣಿ ಎಪಿಎಂಸಿಗೆ ಗಾಡಿ ಹಾಕಿದವರಿಗೆ ಇದು ಗೊತ್ತಿರುತ್ತೆ. ಒಳಗೆ ಹೋಗೋದು ಸುಲಭ, ರಿವರ್ಸ್ ಬರೋದೇ ಕಷ್ಟ. ಹಿಂದೆ ಕ್ರೇಟ್ ಹೊತ್ತ ಹಮಾಲರು, ಬೈಕುಗಳು, ಇನ್ನೊಂದು ಪಿಕಪ್. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲೂ, ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲೂ ಇದೇ ಕಥೆ.

ನನ್ನ ಹಳೇ ಪಿಕಪ್‌ನ ರಿವರ್ಸ್ ಲೈಟ್ ಒಂದು ದಿನ ನಿಂತುಹೋಯಿತು, ಬಜರ್ ಕೂಡ. ಬಲ್ಬ್ ಹಾಕಿಸಿದೆ, ಹೋಲ್ಡರ್ ಬದಲಿಸಿದೆ, ಹಿಂದಿನವರೆಗೆ ಹೊಸ ವೈರ್ ಎಳೆಸಿದೆ. ಏನೂ ಆಗಲಿಲ್ಲ. ಬಿಡು, ಆಮೇಲೆ ನೋಡೋಣ ಅಂತ ಸುಮ್ಮನಾದೆ. ಒಂದು ರಾತ್ರಿ ತೋಟದಲ್ಲಿ ರಿವರ್ಸ್ ಬರುವಾಗ, ಹಿಂದೆ ಮೊಬೈಲ್ ಟಾರ್ಚ್ ಹಿಡಿದು ನಿಂತಿದ್ದ ಹುಡುಗ "ಅಣ್ಣಾ, ನಿಲ್ಸಿ ನಿಲ್ಸಿ" ಅಂತ ಕೂಗಿದ. ಇಳಿದು ನೋಡಿದರೆ ಅವನ ಕಾಲಿಗೂ ಟೈರಿಗೂ ಒಂದು ಗೇಣು ಅಂತರ. ಮರುದಿನ ನಾನೇ ಗಾಡಿ ಕೆಳಗೆ ಮಲಗಿ ನೋಡಿದೆ. ಕೆಟ್ಟಿದ್ದು ಗೇರ್‌ಬಾಕ್ಸ್‌ನಲ್ಲಿ ಕೂತಿದ್ದ ಒಂದು ಸಣ್ಣ ಸ್ವಿಚ್.

ಎಲೆ ಹಳದಿಯಾಯ್ತು ಅಂತ ಬೇರು ನೋಡದೇ ಗೊಬ್ಬರ ಸುರಿಯೋದು ತಪ್ಪು ಅಂತ ಎಲ್ಲರಿಗೂ ಹೇಳುವ ನಾನೇ ಗಾಡಿ ವಿಷಯದಲ್ಲಿ ಅದೇ ತಪ್ಪು ಮಾಡಿದ್ದೆ. ನೀವು ಮಾಡ್ಬೇಡಿ. ಮೊದಲು ಪರೀಕ್ಷೆ, ಆಮೇಲೆ ಬದಲಾವಣೆ.

ಈ ಸ್ವಿಚ್ ಏನು ಮಾಡುತ್ತೆ?

ರಿವರ್ಸ್ ಗೇರ್ ಹಾಕಿದಾಗ ಗೇರ್‌ಬಾಕ್ಸ್ ಒಳಗಿನ ಒಂದು ಭಾಗ ಸರಿದು ಸ್ವಿಚ್‌ನ ತುದಿಯ ಗುಂಡು ಅಥವಾ ಕಡ್ಡಿಯನ್ನು ಒತ್ತುತ್ತದೆ. ಒಳಗಿನ ಎರಡು ಪಾಯಿಂಟ್ ಕೂಡಿ ಕರೆಂಟ್ ಹಿಂದಿನ ಲೈಟಿಗೆ ಹೋಗುತ್ತದೆ. ಅಷ್ಟೇ ಕೆಲಸ. ಆದರೆ ನಾವು ಹೊರಗಿನಿಂದ ಹಾಕಿಸುವ ಬಜರ್, ರಿವರ್ಸ್ ಕ್ಯಾಮೆರಾ ಸಾಮಾನ್ಯವಾಗಿ ಇದೇ ವೈರಿಂದ ಕರೆಂಟ್ ತೆಗೆದುಕೊಳ್ಳುತ್ತವೆ. ಸ್ವಿಚ್ ಹೋದರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಯಿತು. ನಮ್ಮ ಹಳೇ ಪಿಕಪ್‌ಗಳಲ್ಲಿ ಅದೆಲ್ಲಿ? ಹಿಂದೆ ಇರುವವರಿಗೆ ಎಚ್ಚರಿಕೆ ಕೊಡೋದು ಈ ಲೈಟು, ಬಜರ್ ಮಾತ್ರ.

ಲಕ್ಷಣ ಓದಿ

• ಎರಡು ಲೈಟಿನಲ್ಲಿ ಒಂದು ಮಾತ್ರ ಹತ್ತದಿದ್ದರೆ ಸ್ವಿಚ್ ಸರಿ ಇದೆ. ಆ ಬದಿಯ ಬಲ್ಬ್, ಹೋಲ್ಡರ್, ಅರ್ಥಿಂಗ್ ನೋಡಿ.
• ಲೈಟು, ಬಜರ್ ಎಲ್ಲವೂ ಒಟ್ಟಿಗೇ ನಿಂತಿದ್ದರೆ ಫ್ಯೂಸ್, ಸ್ವಿಚ್ ಅಥವಾ ಮಧ್ಯದ ವೈರ್.
• ಯಾವ ಗೇರ್‌ನಲ್ಲಿದ್ದರೂ ಲೈಟ್ ಉರಿಯುತ್ತಿದ್ದರೆ ಸ್ವಿಚ್ ಒಳಗೇ ಅಂಟಿಕೊಂಡಿದೆ, ಇಲ್ಲವೇ ವೈರ್ ಸುಲಿದು ತಾಗುತ್ತಿದೆ.
• ಒಮ್ಮೆ ಹತ್ತಿ ಒಮ್ಮೆ ಹತ್ತದಿದ್ದರೆ ಮೊದಲ ಅನುಮಾನ ಕನೆಕ್ಟರ್ ಮೇಲೆ. ವಾಟರ್ ಸರ್ವಿಸ್ ಮಾಡಿಸಿದ ಮೇಲೆ ಶುರುವಾಗಿದ್ದರೆ ನೀರು ಹೊಕ್ಕಿರಬಹುದು.

ಹಂತ ಹಂತವಾಗಿ ಪರೀಕ್ಷೆ

ಬೇಕಾದದ್ದು ಒಂದು ಟೆಸ್ಟ್ ಲ್ಯಾಂಪ್, ಒಂದು ಮಲ್ಟಿಮೀಟರ್, ಒಂದು ತುಂಡು ವೈರ್. ಗಾಡಿ ಸಮತಟ್ಟು ಜಾಗದಲ್ಲಿರಲಿ. ಎಂಜಿನ್ ಆಫ್, ಹ್ಯಾಂಡ್‌ಬ್ರೇಕ್ ಹಾಕಿ, ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಡಿ. ಸೈಲೆನ್ಸರ್ ಪೈಪ್ ತಣ್ಣಗಾಗಿರಲಿ. ನೀವು ಕೆಳಗಿರುವಾಗ ಯಾರೂ ಸ್ಟಾರ್ಟ್ ಮಾಡಬಾರದು, ಇದನ್ನು ಮೊದಲೇ ಹೇಳಿಡಿ.

1. ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ರಿವರ್ಸ್ ಗೇರ್ ಹಾಕಿ. ಫ್ಯೂಸ್‌ನ ಎರಡೂ ಬದಿಗೆ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಒಂದೇ ಬದಿ ಹತ್ತಿದರೆ ಫ್ಯೂಸ್ ಹೋಗಿದೆ. ಅದೇ ಆಂಪಿಯರ್‌ನ ಫ್ಯೂಸ್ ಹಾಕಿ, ತಂತಿ ಸುತ್ತಬೇಡಿ.

2. ಗೇರ್‌ಬಾಕ್ಸ್ ಬಳಿ ಎರಡು ವೈರ್ ಬರುವ ಸ್ವಿಚ್ ಹುಡುಕಿ ಕನೆಕ್ಟರ್ ಬಿಚ್ಚಿ. ಒಳಗೆ ಹಸಿರು ತುಕ್ಕು, ಕೆಸರು, ಆಯಿಲ್ ಇದ್ದರೆ ಕ್ಲೀನ್ ಮಾಡಿ ಮತ್ತೆ ಹಾಕಿ ನೋಡಿ. ಎಷ್ಟೋ ಸಲ ಇಲ್ಲಿಗೇ ಕೆಲಸ ಮುಗಿಯುತ್ತೆ.

3. ಮುಗಿಯದಿದ್ದರೆ ಮತ್ತೆ ಬಿಚ್ಚಿ, ಗಾಡಿ ಕಡೆಯಿಂದ ಬರುವ ಎರಡು ವೈರಿಗೂ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಒಂದರಲ್ಲಿ 12 ವೋಲ್ಟ್ ಬರಬೇಕು. ಎರಡರಲ್ಲೂ ಬರದಿದ್ದರೆ ತೊಂದರೆ ಸ್ವಿಚ್‌ಗಿಂತ ಹಿಂದೆಯೇ ಇದೆ.

4. ಕರೆಂಟ್ ಬರುತ್ತಿದ್ದರೆ ಆ ಎರಡು ವೈರನ್ನು ತುಂಡು ವೈರ್‌ನಿಂದ ಒಂದು ಕ್ಷಣ ಸೇರಿಸಿ. ತುಂಡು ವೈರ್ ಬಾಡಿಗೆ ತಾಗಬಾರದು. ಲೈಟ್ ಹತ್ತಿತೇ? ಹಾಗಾದರೆ ಸಮಸ್ಯೆ ಸ್ವಿಚ್ ಕಡೆಯದ್ದೇ. ಹತ್ತಲಿಲ್ಲವೇ? ಹಿಂದಕ್ಕೆ ಹೋಗುವ ವೈರ್, ಅರ್ಥಿಂಗ್, ಬಲ್ಬ್ ನೋಡಿ.

5. ಈಗ ಸ್ವಿಚ್‌ನ ಎರಡು ಪಿನ್‌ಗೆ ಮಲ್ಟಿಮೀಟರ್ ಹಿಡಿದು ಕಂಟಿನ್ಯೂಟಿ ನೋಡಿ. ರಿವರ್ಸ್‌ನಲ್ಲಿ ಬೀಪ್ ಬರಬೇಕು, ಬೇರೆ ಗೇರ್‌ಗಳಲ್ಲಿ ಬರಬಾರದು.

ಇಲ್ಲೊಂದು ಮೋಸ ಇದೆ. ಸುಟ್ಟ ಪಾಯಿಂಟ್ ಕೂಡ ಮೀಟರ್‌ನಲ್ಲಿ ಬೀಪ್ ಅನ್ನಬಹುದು, ಯಾಕಂದ್ರೆ ಮೀಟರ್ ಕಳಿಸೋದು ತೀರಾ ಸಣ್ಣ ಕರೆಂಟ್. 21 ವ್ಯಾಟ್‌ನ ಎರಡು ಬಲ್ಬಿಗೆ ಸುಮಾರು 3.5 ಆಂಪಿಯರ್ ಬೇಕು. ಆದ್ದರಿಂದ ಕನೆಕ್ಟರ್ ಹಾಕಿ, ರಿವರ್ಸ್‌ನಲ್ಲಿಟ್ಟು, ಹಿಂಬದಿಯಿಂದ ಎರಡು ಪಿನ್ ನಡುವೆ ವೋಲ್ಟೇಜ್ ಅಳೆಯಿರಿ. ಸೊನ್ನೆಯ ಹತ್ತಿರ ಬಂದರೆ ಸ್ವಿಚ್ ಚೆನ್ನಾಗಿದೆ. ಲೈಟ್ ಮಂಕಾಗಿದ್ದು ಒಂದೆರಡು ವೋಲ್ಟ್ ಇಲ್ಲೇ ತಿನ್ನುತ್ತಿದ್ದರೆ ಸ್ವಿಚ್ ಬದಲಿಸಿ. ನನ್ನದು ಪೂರ್ತಿ 12 ವೋಲ್ಟನ್ನೂ ನುಂಗಿ ಕೂತಿತ್ತು.

ಬದಲಿಸುವಾಗ

ಕೆಲವು ಗಾಡಿಗಳಲ್ಲಿ ಸ್ವಿಚ್ ಬಿಚ್ಚಿದರೆ ಗೇರ್ ಆಯಿಲ್ ಸುರಿಯುತ್ತೆ, ಕೆಳಗೆ ಡಬ್ಬ ಇಡಿ. ಸೋರಿದಷ್ಟು ಆಯಿಲ್ ಮತ್ತೆ ತುಂಬಿಸಿ. ಬಿಚ್ಚಿದ ಸ್ವಿಚ್‌ನ ತುದಿಯನ್ನು ಬೆರಳಿಂದ ಒತ್ತಿ ಮೀಟರ್ ನೋಡಿ. ಕೈಯಲ್ಲಿ ಸರಿಯಾಗಿ ಕೆಲಸ ಮಾಡಿ ಗಾಡಿಯಲ್ಲಿ ಮಾಡದಿದ್ದರೆ ವಾಷರ್ ಗಮನಿಸಿ. ಒಂದರ ಬದಲು ಎರಡು ವಾಷರ್ ಹಾಕಿದ್ದರೆ ಸ್ವಿಚ್ ಹೊರಗೆ ಉಳಿದು ತುದಿ ಒತ್ತಲ್ಪಡುವುದಿಲ್ಲ. ವಾಷರ್ ಸರಿ ಇದ್ದೂ ಆಗದಿದ್ದರೆ ಗೇರ್‌ಬಾಕ್ಸ್ ಒಳಗಿನ ಸವೆತ, ಅದು ಮೆಕ್ಯಾನಿಕ್ ಕೆಲಸ. ಅಂಗಡಿಗೆ ಹಳೇ ಸ್ವಿಚ್ ಕೈಯಲ್ಲಿ ಹಿಡಿದೇ ಹೋಗಿ. ಥ್ರೆಡ್, ತುದಿಯ ಉದ್ದ, ಕನೆಕ್ಟರ್ ಮೂರೂ ಹೊಂದಬೇಕು.

ಟ್ರ್ಯಾಕ್ಟರ್ ಇರುವವರಿಗೆ ಒಂದು ಮಾತು

ಗೇರ್‌ನಲ್ಲಿದ್ದರೆ ಅಥವಾ ಕ್ಲಚ್ ಒತ್ತದಿದ್ದರೆ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ ಅನೇಕ ಟ್ರ್ಯಾಕ್ಟರ್‌ಗಳಲ್ಲಿದೆ. ಅದೂ ಇದೇ ಜಾತಿಯ ಸ್ವಿಚ್, ಮೀಟರ್‌ನಲ್ಲಿ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ. ಆದರೆ ತುಂಡು ವೈರ್ ಹಾಕುವ ನಾಲ್ಕನೇ ಹಂತ ಅಲ್ಲಿ ಬೇಡವೇ ಬೇಡ. ಅದು ಕೆಟ್ಟಾಗ ಕೆಳಗೆ ನಿಂತು ಸ್ಟಾರ್ಟರ್‌ಗೆ ಸ್ಕ್ರೂಡ್ರೈವರ್ ಕೊಟ್ಟು ಸ್ಟಾರ್ಟ್ ಮಾಡೋರನ್ನ ಗೌರಿಬಿದನೂರಿಂದ ಚಿಂತಾಮಣಿವರೆಗೆ ನೋಡಿದ್ದೇನೆ. ಗೇರ್‌ನಲ್ಲಿದ್ದರೆ ಟ್ರ್ಯಾಕ್ಟರ್ ಮುಂದಕ್ಕೆ ಹಾರುತ್ತೆ, ನೀವು ನಿಂತಿರೋದು ಹಿಂದಿನ ದೊಡ್ಡ ಚಕ್ರದ ಮುಂದೆ. ರಿವರ್ಸ್ ಲೈಟಿಗೆ ತುಂಡು ವೈರ್ ಹಾಕೋದು ಪರೀಕ್ಷೆಗೆ ಮಾತ್ರ. ಸ್ಟಾರ್ಟ್ ಸ್ವಿಚ್ಚನ್ನು ಬೈಪಾಸ್ ಮಾಡೋದು ಜೀವದ ಜೊತೆ ಆಟ.

ಇವತ್ತು ಸಂಜೆ ಕ್ರೇಟ್ ತುಂಬುವ ಮೊದಲು ಒಂದು ಕೆಲಸ ಮಾಡಿ. ಗಾಡಿಯನ್ನು ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ, ಕೀ ಆನ್ ಮಾಡಿ ರಿವರ್ಸ್ ಹಾಕಿ, ಕನ್ನಡಿಯಲ್ಲಿ ನೋಡಿ. ಗೋಡೆ ಬೆಳಗಿದರೆ ಸರಿ. ಬೆಳಗದಿದ್ದರೆ ನಾಳೆಗೆ ಬಿಡಬೇಡಿ.