ಬಾಗಿದ ಮೈಯೊಳಗಿನ ಬಿರುಕಿಗೆ ಶಾಖದ ಅಳತೆಗೋಲು

2006ರ ಆಗಸ್ಟ್ 3ರಂದು ಅಮೆರಿಕದ ಜೆಫ್ ವಿಲಿಯಮ್ಸ್ ಮತ್ತು ಜರ್ಮನಿಯ ಥಾಮಸ್ ರೈಟರ್ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಿಂದ ಹೊರಬಂದು ಕೆಲಸಕ್ಕಿಳಿದರು. ಅವರ ಅಂದಿನ ಪಟ್ಟಿಯಲ್ಲಿ ಒಂದು ಅಪರೂಪದ ಕೆಲಸವಿತ್ತು. ಮೊದಲೇ ಹಾನಿ ಮಾಡಿಟ್ಟಿದ್ದ ಕಾರ್ಬನ್ ತುಂಡುಗಳನ್ನು ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಚಿತ್ರೀಕರಿಸಬೇಕಿತ್ತು. ಕಾಯಿಸಲು ದೀಪ ಬೇಕಿರಲಿಲ್ಲ, ಬಿಸಿಲಿತ್ತು. ತಣಿಸಲು ನೆರಳಿತ್ತು. ಕಾಯುವಾಗಲೋ ತಣಿಯುವಾಗಲೋ ಒಳಗೆ ಪೆಟ್ಟುತಿಂದ ಜಾಗ ಸುತ್ತಲಿನ ಗಟ್ಟಿ ಜಾಗಕ್ಕಿಂತ ಬೇರೆಯಾಗಿ ಕಾಣುತ್ತದೆಯೇ ಎಂಬುದೇ ಪರೀಕ್ಷೆ.

ಆ ತುಂಡುಗಳು ಸ್ಪೇಸ್ ಷಟಲ್ ರೆಕ್ಕೆಯ ಮುಂಚೂಣಿಯ ವಸ್ತುವಿನವು. ಮೂರು ವರ್ಷಗಳ ಹಿಂದೆ, 2003ರ ಜನವರಿ 16ರಂದು, ಕೊಲಂಬಿಯಾ ನೌಕೆ ನೆಲ ಬಿಟ್ಟು ಸುಮಾರು 82 ಸೆಕೆಂಡುಗಳಾದಾಗ ಹೊರಗಿನ ಇಂಧನ ಟ್ಯಾಂಕಿನಿಂದ ಕಳಚಿದ ಫೋಮ್ ತುಂಡೊಂದು ಎಡ ರೆಕ್ಕೆಯ ಅಂಚಿಗೆ ಬಡಿದಿತ್ತು. ಫೆಬ್ರುವರಿ 1ರಂದು ಹಿಂತಿರುಗುವಾಗ ನೌಕೆ ಆಕಾಶದಲ್ಲೇ ಛಿದ್ರವಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಹೋದರು. ಆ ಸುದ್ದಿ ಬಂದ ಶನಿವಾರ ನಮ್ಮ ಓದುಗರಲ್ಲಿ ಅನೇಕರಿಗೆ ಇನ್ನೂ ನೆನಪಿರುತ್ತದೆ.

ರೆಕ್ಕೆಯ ಆ ಮುಂಚೂಣಿ ಒಂದೇ ಹಲಗೆಯಾಗಿರಲಿಲ್ಲ. ಒಂದೊಂದು ರೆಕ್ಕೆಗೆ 22ರಂತೆ ಒಟ್ಟು 44 ಬಾಗಿದ ಫಲಕಗಳು. ಕಾರ್ಬನ್ ನಾರಿಗೆ ಕಾರ್ಬನ್ನನ್ನೇ ತುಂಬಿ ಗಟ್ಟಿ ಮಾಡಿ, ಮೇಲೆ ಸಿಲಿಕಾನ್ ಕಾರ್ಬೈಡ್ ಲೇಪ ಕೊಟ್ಟವು. ವಾತಾವರಣಕ್ಕೆ ಮರಳಿ ಇಳಿಯುವಾಗ ಸುಮಾರು 1,650 ಡಿಗ್ರಿ ಸೆಲ್ಸಿಯಸ್ ಶಾಖವನ್ನು ಎದೆಕೊಟ್ಟು ತಡೆಯುತ್ತಿದ್ದದ್ದು ಇವೇ. 2003ರ ಜುಲೈಯಲ್ಲಿ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಅಂಥದೇ ಫೋಮ್ ತುಂಡನ್ನು ಅಂಥದೇ ವೇಗದಲ್ಲಿ ಒಂದು ಫಲಕಕ್ಕೆ ಹೊಡೆದು ನೋಡಿದರು. ಸುಮಾರು 40 ಸೆಂಟಿಮೀಟರ್ ಅಗಲದ ತೂತು ಬಿತ್ತು. ಅಪಘಾತದ ತನಿಖಾ ಮಂಡಳಿ ಇನ್ನೊಂದು ವಿಷಯದ ಮೇಲೂ ಬೆರಳಿಟ್ಟಿತು. ಒಂದು ಹಾರಾಟಕ್ಕೂ ಮತ್ತೊಂದಕ್ಕೂ ನಡುವೆ ಈ ಫಲಕಗಳನ್ನು ಬಹುಮಟ್ಟಿಗೆ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಪರೀಕ್ಷಿಸುತ್ತಿದ್ದರು. ಒಳಗಿನ ಗಟ್ಟಿತನ ತಿಳಿಯಲು ಇದು ಸಾಲದು, ವಸ್ತುವನ್ನು ಕೆಡಿಸದೆ ಒಳಗು ನೋಡುವ ಹೊಸ ವಿಧಾನಗಳನ್ನು ತನ್ನಿ ಎಂದಿತು. ಹಾಗೆ ತಂದವುಗಳಲ್ಲಿ ಮುಖ್ಯವಾದದ್ದು ಫ್ಲ್ಯಾಶ್ ಥರ್ಮೋಗ್ರಫಿ.

ಇದರ ಮೂಲತತ್ವವನ್ನು ಯಾವ ಗಾರೆ ಕೆಲಸದವರೂ ಒಪ್ಪುತ್ತಾರೆ. ಬಿಸಿಲಿಗೆ ಮೈಯೊಡ್ಡಿದ ಗೋಡೆಯಲ್ಲಿ ಒಂದು ಕಡೆ ಗಾರೆ ಇಟ್ಟಿಗೆಯಿಂದ ಬಿಟ್ಟುಕೊಂಡಿದ್ದರೆ, ಮಧ್ಯಾಹ್ನದ ಹೊತ್ತಿಗೆ ಆ ಜಾಗ ಸುತ್ತಲಿಗಿಂತ ಹೆಚ್ಚು ಕಾದಿರುತ್ತದೆ. ಮೇಲೆ ಬಿದ್ದ ಶಾಖ ಒಳಗಿನ ಇಟ್ಟಿಗೆಗೆ ಇಳಿಯಬೇಕು. ನಡುವೆ ನಿಂತ ಗಾಳಿ ಬಿಡುವುದಿಲ್ಲ. ಫ್ಲ್ಯಾಶ್ ಥರ್ಮೋಗ್ರಫಿಯಲ್ಲಿ ಸೂರ್ಯನ ಬದಲು ಸ್ಟುಡಿಯೊ ಫ್ಲ್ಯಾಶ್ ದೀಪ, ಮುಟ್ಟಿ ನೋಡುವ ಕೈಯ ಬದಲು ಶಾಖವನ್ನು ಕಾಣುವ ಇನ್‌ಫ್ರಾರೆಡ್ ಕ್ಯಾಮೆರಾ, ಗಂಟೆಗಳ ಬದಲು ಸೆಕೆಂಡುಗಳು. ದೋಷ ಎಲ್ಲಿದೆ ಎಂದು ತೋರಿಸುವುದು ಸುಲಭ. ಎಷ್ಟು ಆಳದಲ್ಲಿದೆ ಎಂದು ಹೇಳುವುದು ಕಷ್ಟ. ವಸ್ತು ಬಾಗಿದ್ದರೆ, ಇಲ್ಲವೇ ಕ್ಯಾಮೆರಾಕ್ಕೆ ಓರೆಯಾಗಿ ನಿಂತಿದ್ದರೆ, ಆ ಕಷ್ಟ ಇನ್ನೂ ಹೆಚ್ಚು. ಈ ಕೊನೆಯ ಕಷ್ಟವನ್ನು ಹೇಗೆ ದಾಟಿದರು ಎಂಬ ಕಥೆ ನನಗೆ ಬಹಳ ಇಷ್ಟ. ಯಾಕೆಂದರೆ ಇನ್ನೂರು ವರ್ಷಗಳ ಹಳೆಯ ಗಣಿತವೇ ಅದಕ್ಕೆ ದಾರಿ ಮಾಡಿಕೊಟ್ಟಿತು.

ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಅಂದರೆ ಅವಕೆಂಪು, ಕಿರಣಗಳನ್ನು 1800ರಲ್ಲಿ ಕಂಡವರು ಇಂಗ್ಲೆಂಡಿನಲ್ಲಿ ನೆಲೆಸಿದ್ದ ವಿಲಿಯಂ ಹರ್ಷಲ್, ಯುರೇನಸ್ ಗ್ರಹವನ್ನು ಕಂಡುಹಿಡಿದ ಅದೇ ಹರ್ಷಲ್. ಪಟ್ಟಕದಿಂದ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸಿ, ಬುಡಕ್ಕೆ ಕಪ್ಪು ಬಳಿದ ಥರ್ಮಾಮೀಟರುಗಳನ್ನು ಇಟ್ಟಾಗ ಕೆಂಪಿನಾಚೆಯ ಖಾಲಿ ಜಾಗದಲ್ಲೂ ಪಾದರಸ ಏರಿತು. ಏಳು ವರ್ಷಗಳ ನಂತರ ಫ್ರಾನ್ಸಿನಲ್ಲಿ ಜೋಸೆಫ್ ಫೂರಿಯೇ, ಗ್ರೆನೊಬಲ್‌ನಲ್ಲಿ ಸರ್ಕಾರಿ ಆಡಳಿತ ನೋಡಿಕೊಳ್ಳುತ್ತಲೇ, ಘನವಸ್ತುವಿನೊಳಗೆ ಶಾಖ ಹೇಗೆ ಹರಡುತ್ತದೆ ಎಂಬ ಸಮೀಕರಣ ಬರೆದು ಪ್ಯಾರಿಸ್ಸಿನ ವಿದ್ವಾಂಸರ ಮುಂದಿಟ್ಟರು. ಲಗ್ರಾಂಜ್‌ರಂಥ ಹಿರಿಯರು ಆಕ್ಷೇಪಿಸಿದರು. ಪುಸ್ತಕ ಹೊರಬರಲು 1822 ಆಗಬೇಕಾಯಿತು. ಅದರಲ್ಲಿ ಎರಡು ಸಂಗತಿಗಳಿದ್ದವು: ಶಾಖದ ಸಮೀಕರಣ, ಮತ್ತು ಯಾವ ಏರಿಳಿತವನ್ನೂ ಹಲವು ಅಲೆಗಳ ಮೊತ್ತವಾಗಿ ಬಿಡಿಸುವ ವಿಧಾನ. ನಮ್ಮ ಕಥೆಗೆ ಎರಡೂ ಬೇಕು.

ಫೂರಿಯೇ ಸಮೀಕರಣದಿಂದ ಹೊರಡುವ ಒಂದು ಫಲಿತಾಂಶ ಇದು: ಶಾಖ ಎರಡರಷ್ಟು ಆಳಕ್ಕೆ ಇಳಿಯಲು ನಾಲ್ಕರಷ್ಟು ಸಮಯ ಬೇಕು, ಮೂರರಷ್ಟು ಆಳಕ್ಕೆ ಒಂಬತ್ತರಷ್ಟು. ಸಮಯ ಆಳದ ವರ್ಗದಂತೆ ಬೆಳೆಯುತ್ತದೆ. 1961ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಅಮೆರಿಕ ನೌಕಾದಳದ ಪ್ರಯೋಗಾಲಯವೊಂದರಲ್ಲಿ ಪಾರ್ಕರ್ ಮತ್ತು ಮೂವರು ಸಂಗಡಿಗರು ಇದನ್ನು ಕೆಲಸಕ್ಕೆ ಹಚ್ಚಿದರು. ಕೆಲವೇ ಮಿಲಿಮೀಟರ್ ದಪ್ಪದ ಲೋಹದ ಬಿಲ್ಲೆಯ ಮುಂಬದಿಗೆ ಕರ್ಪೂರ ಉರಿಸಿ ಹಿಡಿದ ಮಸಿ ಬಳಿದು, ಫ್ಲ್ಯಾಶ್ ಹೊಡೆದು, ಹಿಂಬದಿ ಎಷ್ಟು ಹೊತ್ತಿಗೆ ಕಾಯುತ್ತದೆ ಎಂದು ಆಸಿಲೋಸ್ಕೋಪಿನಲ್ಲಿ ನೋಡಿದರು. ದಪ್ಪ ಗೊತ್ತಿದ್ದರಿಂದ ಆ ಲೋಹದಲ್ಲಿ ಶಾಖ ಎಷ್ಟು ಚುರುಕಾಗಿ ಹರಡುತ್ತದೆ ಎಂಬುದು ಸಿಕ್ಕಿತು. ದೋಷದ ಆಳ ಅಳೆಯುವವರು ಮಾಡಿದ್ದು ಇದೇ ಲೆಕ್ಕವನ್ನು ತಿರುಗಿಸಿದ್ದು. ಶಾಖ ಹರಡುವ ಚುರುಕು ಗೊತ್ತಿದ್ದರೆ, ಸಮಯದಿಂದ ದಪ್ಪ ತಿಳಿಯುತ್ತದೆ. ಇಲ್ಲಿ ದಪ್ಪ ಎಂದರೆ ಮೇಲ್ಮೈಯಿಂದ ಬಿರುಕಿನವರೆಗಿನ ದೂರ.

1980ರ ದಶಕದಲ್ಲಿ ಇಂಗ್ಲೆಂಡಿನ ಹಾರ್‌ವೆಲ್ ಪರಮಾಣು ಸಂಶೋಧನಾ ಕೇಂದ್ರದ ಮಿಲ್ನ್ ಮತ್ತು ರೆನಾಲ್ಡ್ಸ್ ಫ್ಲ್ಯಾಶ್ ದೀಪಕ್ಕೆ ಇನ್‌ಫ್ರಾರೆಡ್ ವಿಡಿಯೊ ಜೋಡಿಸಿ ಕಾರ್ಬನ್ ನಾರಿನ ಪದರಗಳ ಕಾಂಪೋಸಿಟ್ ಹಲಗೆಗಳನ್ನು ನೋಡಿದರು. ಅಂಥ ಕಾಂಪೋಸಿಟ್‌ನಲ್ಲಿ 1 ಮಿಲಿಮೀಟರ್ ಆಳದ ದೋಷ ಫ್ಲ್ಯಾಶ್ ಆದ ಮುಕ್ಕಾಲು ಸೆಕೆಂಡಿನ ಆಸುಪಾಸಿನಲ್ಲಿ ಮೇಲ್ಮೈಗೆ ಸುಳಿವು ಕೊಡುತ್ತದೆ. 2 ಮಿಲಿಮೀಟರ್ ಇದ್ದರೆ ಸುಮಾರು 3 ಸೆಕೆಂಡು, 3 ಮಿಲಿಮೀಟರ್ ಇದ್ದರೆ ಹೆಚ್ಚುಕಡಿಮೆ 7. ಅಲ್ಯೂಮಿನಿಯಂನಲ್ಲಾದರೆ 1 ಮಿಲಿಮೀಟರ್ ಕೆಲವೇ ಮಿಲಿಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

ಇಷ್ಟೂ ಚಪ್ಪಟೆ ಹಲಗೆಯ ಮಾತು. ಬಾಗಿದ ಫಲಕವನ್ನು ದೀಪದ ಮುಂದಿಟ್ಟರೆ ಲೆಕ್ಕ ಕದಡುತ್ತದೆ. ಓರೆಯಾಗಿ ಬಿದ್ದ ಬೆಳಕು ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತದೆ ಎಂದು ಲ್ಯಾಂಬರ್ಟ್ 1760ರಲ್ಲೇ ಬರೆದಿದ್ದರು. 60 ಡಿಗ್ರಿ ಓರೆಯಾದ ಕಡೆ ನೇರ ಬಿದ್ದ ಕಡೆಯ ಅರ್ಧದಷ್ಟೇ ಶಾಖ. ಫಲಕದ ಅಂಚು ದೀಪದಿಂದ ದೂರ ಸರಿದಂತೆ ಇನ್ನಷ್ಟು ಕಡಿಮೆ. ಕ್ಯಾಮೆರಾ ಕಡೆಯಿಂದ ನೋಡಿದರೂ ತೊಂದರೆಯಿದೆ. ಓರೆ ಮೈಯಲ್ಲಿ ದುಂಡು ದೋಷ ಚಪ್ಪಟೆಯಾಗಿ ಕಾಣುತ್ತದೆ. ಬಣ್ಣ ಬಳಿದ ಮೈ, ಕಾಂಪೋಸಿಟ್ ಮೈ ಸುಮಾರು 60 ಡಿಗ್ರಿವರೆಗೆ ಶಾಖವನ್ನು ಒಂದೇ ಸಮ ಸೂಸುತ್ತದೆ, ಆಮೇಲೆ ಸೂಸುವುದು ಥಟ್ಟನೆ ಇಳಿದು ಸುತ್ತಲಿನ ವಸ್ತುಗಳ ಪ್ರತಿಫಲನ ಮೇಲುಗೈ ಪಡೆಯುತ್ತದೆ. ಹೀಗಾಗಿ ಬಾಗಿದ ಫಲಕದ ಕಚ್ಚಾ ಚಿತ್ರದಲ್ಲಿ ನಡುವೆ ಬೆಳಕು, ಅಂಚಿನಲ್ಲಿ ಕತ್ತಲೆ. ಆ ಬೆಳಕಿನಲ್ಲಿ ದೋಷ ಎಷ್ಟು, ಆಕಾರ ಎಷ್ಟು ಎಂದು ಬಿಡಿಸುವುದು ಹೇಗೆ?

ಉತ್ತರದ ಮೊದಲ ತುದಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಸಿಕ್ಕಿತು. ಗೆರ್ಡ್ ಬುಸ್ಸೆ ಅವರ ತಂಡ 1992ರಲ್ಲಿ ಪ್ರಕಟಿಸಿದ ಲಾಕ್-ಇನ್ ವಿಧಾನದಲ್ಲಿ ದೀಪ ಒಮ್ಮೆಲೇ ಹೊಡೆಯುವುದಿಲ್ಲ, ನಿಧಾನವಾಗಿ ಏರಿ ಇಳಿಯುತ್ತದೆ. ಮೇಲ್ಮೈ ಶಾಖವೂ ಏರಿಳಿಯುತ್ತದೆ, ಕೊಂಚ ತಡವಾಗಿ. ಬುಸ್ಸೆ ಅಳೆದದ್ದು ಆ ತಡವನ್ನು. ದೀಪ ಓರೆ ಬಿದ್ದು ಶಾಖ ಅರ್ಧಕ್ಕಿಳಿದರೆ ಏರಿಳಿತದ ಎತ್ತರ ಅರ್ಧವಾಗುತ್ತದೆ, ತಡ ಮಾತ್ರ ಅಷ್ಟೇ ಇರುತ್ತದೆ. ನಾಲ್ಕು ವರ್ಷಗಳ ನಂತರ, 1996ರಲ್ಲಿ, ಕೆನಡಾದ ಕ್ವಿಬೆಕ್‌ನ ಲಾವಾಲ್ ವಿಶ್ವವಿದ್ಯಾಲಯದ ಕ್ಸೇವಿಯರ್ ಮಲ್ಡಾಗ್ ಮತ್ತು ಇಟಲಿಯ ಸೆರ್ಜಿಯೊ ಮರಿನೆಟ್ಟಿ ಇದನ್ನೇ ಒಂದೇ ಫ್ಲ್ಯಾಶ್‌ನಿಂದ ಪಡೆಯುವ ದಾರಿ ತೋರಿಸಿದರು. ಒಂದು ಚುಟುಕು ಹೊಡೆತದಲ್ಲಿ ಎಲ್ಲ ಬಗೆಯ ಅಲೆಗಳೂ ಅಡಗಿರುತ್ತವೆ. ಪ್ರತಿ ಪಿಕ್ಸೆಲ್‌ನ ತಣಿಯುವ ದಾಖಲೆಯನ್ನು ಫೂರಿಯೇ ವಿಧಾನದಲ್ಲಿ ಬಿಡಿಸಿದರೆ ಒಂದೊಂದು ಅಲೆಯ ತಡವೂ ದೊರೆಯುತ್ತದೆ. ಆಳದ ದೋಷ ನಿಧಾನದ ಅಲೆಗಳಲ್ಲಿ ಮಾತ್ರ ಕಾಣುತ್ತದೆ, ಮೇಲಿನ ದೋಷ ಚುರುಕು ಅಲೆಗಳಲ್ಲೂ ಕಾಣುತ್ತದೆ. ಯಾವ ಅಲೆಯವರೆಗೆ ಕಾಣುತ್ತದೆ ಎಂಬುದರಿಂದ ಆಳ. ಫೂರಿಯೇ ಪುಸ್ತಕದ ಎರಡೂ ಸಂಗತಿಗಳು ಹೀಗೆ ಒಂದೇ ಚಿತ್ರದಲ್ಲಿ ಕೂಡಿದವು.

ಮೂರನೆಯ ದಾರಿ ನನ್ನ ಮಟ್ಟಿಗೆ ಎಲ್ಲಕ್ಕಿಂತ ಸುಂದರ. 2000ದ ದಶಕದ ಆರಂಭದಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಸ್ಟೀವನ್ ಶೆಪರ್ಡ್ ಪ್ರತಿ ಪಿಕ್ಸೆಲ್‌ನ ತಾಪಮಾನವನ್ನೂ ಸಮಯವನ್ನೂ ಲಾಗರಿದಮ್‌ಗೆ ಬದಲಿಸಿ ನಕ್ಷೆ ಎಳೆದರು. ದೋಷವಿಲ್ಲದ ದಪ್ಪ ವಸ್ತುವಿನಲ್ಲಿ ಅದು ನೇರ ಗೆರೆ, ಇಳಿಜಾರು ಅರ್ಧ. ಶಾಖ ಬಿರುಕಿಗೆ ತಾಗಿ ಹಿಂದೆ ನಿಂತಾಗ ಗೆರೆ ಬಾಗುತ್ತದೆ, ಬಾಗಿದ ಗಳಿಗೆ ಆಳ ಹೇಳುತ್ತದೆ. ಈಗ ಓರೆ ಮೈಯನ್ನು ಇದಕ್ಕೆ ಸೇರಿಸಿ ನೋಡಿ. ಅರ್ಧ ಶಾಖ ಬಿದ್ದ ಕಡೆ ಇಡೀ ಗೆರೆ ಕೆಳಗೆ ಸರಿಯುತ್ತದೆ, ಅಷ್ಟೆ. ಇಳಿಜಾರು ಅದೇ, ಬಾಗುವ ಗಳಿಗೆಯೂ ಅದೇ. ಇನ್ನೊಂದು ಅನುಕೂಲವೂ ಇದೆ. ಶಾಖ ಇಳಿಯುವುದು ಮೇಲ್ಮೈಗೆ ಲಂಬವಾಗಿ; ಕ್ಯಾಮೆರಾ ಯಾವ ಮೂಲೆಯಲ್ಲಿ ನಿಂತಿದೆ ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಆದ್ದರಿಂದ ಓರೆಯಿಂದ ನೋಡಿದರೂ ಸಿಗುವುದು ಆ ಜಾಗದಲ್ಲಿ ನೆಟ್ಟಗೆ ಕೊರೆದರೆ ಸಿಗುವ ಆಳವೇ. ರಿಪೇರಿ ಮಾಡುವವರಿಗೆ ಬೇಕಾದದ್ದೂ ಅದೇ.

ಲಾವಾಲ್‌ನವರು 1990ರ ದಶಕದ ಕೊನೆಗೆ ಬಾಗಿದ ಮೈಯ ತೊಂದರೆಗೆ ಇನ್ನೊಂದು ಜಾಣ ದಾರಿ ಹುಡುಕಿದ್ದರು. ಫ್ಲ್ಯಾಶ್ ಆದ ತಕ್ಷಣದ ಮೊದಲ ಚಿತ್ರದಲ್ಲಿ ಒಳಗಿನ ಸುದ್ದಿ ಇನ್ನೂ ಮೇಲೆ ಬಂದಿರುವುದಿಲ್ಲ, ಅದರಲ್ಲಿರುವುದು ಬರೀ ಆಕಾರ. ಹಾಗಾದರೆ ಆ ಚಿತ್ರದಿಂದಲೇ ಎಲ್ಲಿ ಎಷ್ಟು ಓರೆಯಿದೆ ಎಂದು ಲೆಕ್ಕ ಹಾಕಿ ಮುಂದಿನ ಚಿತ್ರಗಳನ್ನು ತಿದ್ದಬಹುದು. ಕಾಟ ಕೊಡುತ್ತಿದ್ದ ಕತ್ತಲೆ-ಬೆಳಕೇ ಮಾಹಿತಿಯಾಯಿತು. ನಮ್ಮ ದೇಶದಲ್ಲಿ ಐಐಟಿ ದೆಹಲಿಯ ರವಿಬಾಬು ಮುಲವೀಸಲ ಮತ್ತು ಸುನೀತ್ ತುಲಿ 2006ರಲ್ಲಿ ಬೇರೊಂದು ಮಗ್ಗುಲಿನಿಂದ ಬಂದರು. ಒಂದೇ ಅಲೆಯ ಬದಲು ಏರಿಳಿತದ ಚುರುಕು ಬದಲಾಗುತ್ತ ಹೋಗುವ ಅಲೆಯಿಂದ ಕಾಯಿಸಿದರೆ ಹಲವು ಆಳಗಳು ಒಂದೇ ಸಲಕ್ಕೆ ಸಿಗುತ್ತವೆ ಎಂದು ತೋರಿಸಿದರು.

ಇವೆಲ್ಲ ಕಾಗದದ ಮೇಲಿನ ಗೆಲುವುಗಳಾಗಿ ಉಳಿಯಲಿಲ್ಲ. ಕೊಲಂಬಿಯಾ ನಂತರ ನೆಲದ ಮೇಲೆ ಷಟಲ್ ಫಲಕಗಳನ್ನು ಥರ್ಮೋಗ್ರಫಿಯಲ್ಲಿ ನೋಡತೊಡಗಿದಾಗ ಅಂಚಿನ ಮಡಿಕೆಯಂಥ ತಿರುವುಗಳಲ್ಲಿ, ಮೇಲಿನ ಲೇಪದಡಿ, ಅನುಮಾನದ ಗುರುತುಗಳು ಕಂಡವು. 2007ರ ಅಕ್ಟೋಬರಿನಲ್ಲಿ ಡಿಸ್ಕವರಿ ನೌಕೆ ಹೊರಡುವ ಮುನ್ನ ನಾಸಾದ್ದೇ ಎಂಜಿನಿಯರಿಂಗ್ ಮತ್ತು ಸುರಕ್ಷತಾ ಕೇಂದ್ರ 44ರಲ್ಲಿ ಮೂರು ಫಲಕಗಳನ್ನು ಬದಲಿಸುವುದು ಒಳಿತು ಎಂದಿತು. ವಾದಗಳಾದವು. ಬದಲಿಸದೆ ಹಾರಬಹುದು ಎಂದು ವ್ಯವಸ್ಥಾಪಕರು ತೀರ್ಮಾನಿಸಿದರು. ಅಕ್ಟೋಬರ್ 23ರಂದು ಹೊರಟ ನೌಕೆ ನವೆಂಬರ್ 7ರಂದು ಸುರಕ್ಷಿತವಾಗಿ ಇಳಿಯಿತು. ಆ ತೀರ್ಮಾನ ಸರಿಯೋ ಅಲ್ಲವೋ ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಬೇರೆ. ನಾಲ್ಕು ವರ್ಷಗಳ ಹಿಂದೆ ಕೈಯಿಂದ ಮುಟ್ಟಿ ನೋಡುತ್ತಿದ್ದ ಫಲಕದ ಬಗ್ಗೆ, ಹಾರುವ ಮೊದಲೇ, ಕಣ್ಣಿಗೆ ಕಾಣದ ದೋಷವನ್ನು ಮುಂದಿಟ್ಟುಕೊಂಡು ಜನ ಕೂತು ವಾದಿಸಿದ್ದರು.

ಆ ಮಡಿಕೆಯಂಥ ಜಾಗಗಳಲ್ಲೇ ವಿಧಾನದ ಮಿತಿಯೂ ಇದೆ. ನೇರ ಗೆರೆ, ಅರ್ಧ ಇಳಿಜಾರು ಎಂಬುದು ಚಪ್ಪಟೆ ಮೈಯ ಲೆಕ್ಕ. ತುಸುವೇ ಬಾಗಿದ್ದರೆ ನಡೆಯುತ್ತದೆ. ಬಾಗಿನ ತ್ರಿಜ್ಯ ದೋಷದ ಆಳಕ್ಕೆ ಹತ್ತಿರವಾದರೆ ನಡೆಯುವುದಿಲ್ಲ. ಉಬ್ಬಿದ ಮೈಯಲ್ಲಿ ಒಳಗಿಳಿಯುವ ಶಾಖಕ್ಕೆ ಜಾಗ ಕಿರಿದಾಗುತ್ತ ಹೋಗುವುದರಿಂದ ಮೇಲ್ಮೈ ನಿಧಾನವಾಗಿ ತಣಿಯುತ್ತದೆ. ದೋಷವಿಲ್ಲದಿದ್ದರೂ ಇದೆಯೆಂಬಂತೆ ಗೆರೆ ಬಾಗುತ್ತದೆ. ತಗ್ಗಾದ ಮೈಯಲ್ಲಿ ಇದಕ್ಕೆ ತದ್ವಿರುದ್ಧ. ಶಾಖ ಬೇಗ ಚದುರಿ ನಿಜವಾದ ದೋಷವನ್ನೂ ಮುಚ್ಚಬಹುದು. ಮೇಲಾಗಿ ಅಲ್ಲಿ ಎರಡು ಬದಿಗಳೂ ಒಂದನ್ನೊಂದು ಕಾಯಿಸುತ್ತವೆ.

ಬೆಂಗಳೂರಿಗೆ ಈ ವಿಷಯ ದೂರದ್ದಲ್ಲ. 2001ರ ಜನವರಿ 4ರಂದು ಇಲ್ಲಿಂದಲೇ ಮೊದಲು ಹಾರಿದ ತೇಜಸ್ ವಿಮಾನದ ಮೈಯಲ್ಲಿ ಬಹುಪಾಲು ಕಾರ್ಬನ್ ಕಾಂಪೋಸಿಟ್. ನಗರದ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ಅದಕ್ಕಾಗಿ ಅಂಥ ಭಾಗಗಳನ್ನು ರೂಪಿಸಿದೆ. ವಿಮಾನದಲ್ಲಿ ಪೂರ್ತಿ ಚಪ್ಪಟೆಯಾದ ಭಾಗ ಹುಡುಕಿದರೂ ಸಿಗುವುದು ಕಷ್ಟ. ಇಂಥ ಕಾಂಪೋಸಿಟ್‌ನಲ್ಲಿ ಒಂದೊಂದು ಪದರ ಸಾಮಾನ್ಯವಾಗಿ 0.13ರಿಂದ 0.2 ಮಿಲಿಮೀಟರ್. ಪದರ ಬಿಟ್ಟ ಜಾಗದ ಆಳ ತಿಳಿದರೆ ಎಷ್ಟು ಪದರ ಉಜ್ಜಿ ತೆಗೆದು ಹೊಸದು ಕೂರಿಸಬೇಕು ಎಂದು ಗೊತ್ತಾಗುತ್ತದೆ. ಇಲ್ಲಿ ಗಣಿತ ಕೈ ಹಿಡಿಯುತ್ತದೆ: ಸಮಯ ಆಳದ ವರ್ಗವಾದ್ದರಿಂದ ಸಮಯದಲ್ಲಿ ನೂರಕ್ಕೆ 10ರಷ್ಟು ತಪ್ಪಾದರೂ ಆಳದಲ್ಲಿ ತಪ್ಪು ಸುಮಾರು 5 ಮಾತ್ರ. 2 ಮಿಲಿಮೀಟರ್ ಆಳಕ್ಕೆ ಅದು 0.1 ಮಿಲಿಮೀಟರ್, ಒಂದು ಪದರಕ್ಕಿಂತ ಕಡಿಮೆ. ಬಿಗಿಯಾದ ತಿರುವಿನಲ್ಲಿ ಈ ಭರವಸೆ ಇಲ್ಲ. ಅಂಥ ಭಾಗ ಪರೀಕ್ಷೆಗೆ ಬಂದರೆ ಮೊದಲು ಅದೇ ಬಾಗಿನ, ಅಷ್ಟೇ ಪದರಗಳ ಇನ್ನೊಂದು ತುಂಡನ್ನು, ಗೊತ್ತಿರುವ ಆಳಗಳಲ್ಲಿ ಟೆಫ್ಲಾನ್ ಚೂರುಗಳನ್ನು ಹುದುಗಿಸಿ ಮಾಡಿಕೊಳ್ಳಬೇಕಾಗುತ್ತದೆ. ಅದಕ್ಕೆ ಫ್ಲ್ಯಾಶ್ ಹೊಡೆದು, ಗೆರೆ ಎಲ್ಲೆಲ್ಲಿ ಬಾಗುತ್ತದೆ ಎಂದು ಬರೆದಿಟ್ಟುಕೊಂಡ ಮೇಲೆ ನಿಜವಾದ ಭಾಗದ ಸರದಿ.