ಬಸುರಿಗೆ ಮಾತ್ರೆ ತರುವ ಮುನ್ನ

ಅರಸೀಕೆರೆ, ಬೇಲೂರು, ಹಳೇಬೀಡಿನ ಮೆಡಿಕಲ್ ಶಾಪುಗಳಿಗೆ ಬಸುರಿಯರೇ ಬರಬೇಕೆಂದಿಲ್ಲ. ಎಷ್ಟೋ ಸಲ ಗಂಡನೋ ಮೈದುನನೋ ಬರುತ್ತಾರೆ. ‘ಸೊಂಟನೋವಿಗೆ ಮಾತ್ರೆ ಕೊಡಿ’ ಎಂದಷ್ಟೇ ಕೇಳಿದರೆ ಅಂಗಡಿಯವರಿಗೆ ತಿಳಿಯುವುದಾದರೂ ಹೇಗೆ? ‘ಬಸುರಿಗೆ, ಇಷ್ಟನೇ ತಿಂಗಳು’ ಎಂದು ಮೊದಲೇ ಹೇಳಬೇಕು.

ನೋವಿನ ಮಾತ್ರೆ

ಐದು ತಿಂಗಳು ತುಂಬಿದ ಮೇಲೆ ಗರ್ಭದ ನೀರಿನಲ್ಲಿ ಬಹುಪಾಲು ಮಗುವಿನ ಮೂತ್ರವೇ. ಐಬುಪ್ರೊಫೆನ್, ಡೈಕ್ಲೋಫಿನಾಕ್‌ನಂಥ ಔಷಧಗಳು ಮಗುವಿನ ಮೂತ್ರಪಿಂಡದ ಕೆಲಸ ತಗ್ಗಿಸಿ ಆ ನೀರನ್ನು ಕಡಿಮೆ ಮಾಡಬಲ್ಲವು. ಕೊನೆಯ ತಿಂಗಳುಗಳಲ್ಲಿ, ಹೆರಿಗೆಯಾಗುವವರೆಗೆ ತೆರೆದಿರಬೇಕಾದ ಹೃದಯದ ಬಳಿಯ ರಕ್ತನಾಳವೊಂದು ಬೇಗನೆ ಮುಚ್ಚಿಕೊಳ್ಳುವ ಅಪಾಯವೂ ಇದೆ. 20ನೇ ವಾರದಿಂದ ಇವು ಬೇಡವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿತು. ಮೊದಲ ತಿಂಗಳುಗಳಲ್ಲೂ ವೈದ್ಯರನ್ನು ಕೇಳದೆ ನುಂಗಬಾರದು.

ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಇದೆ. ಡಿಸ್ಪ್ರಿನ್ ಎಂದರೆ ಆಸ್ಪಿರಿನ್, ಅದೂ ಇದೇ ಗುಂಪಿನದು. ಆದ್ದರಿಂದ ಮಾತ್ರೆಯ ಪಟ್ಟಿಯ (ಸ್ಟ್ರಿಪ್) ಮೇಲಿನ ಸಣ್ಣಕ್ಷರ ಓದಿಸಿಕೊಳ್ಳಿ. ಬಿ.ಪಿ. ಅಪಾಯ ತಡೆಯಲು ವೈದ್ಯರೇ ಕಡಿಮೆ ಪ್ರಮಾಣದ ಆಸ್ಪಿರಿನ್ ಬರೆದಿದ್ದರೆ ನೀವಾಗಿ ನಿಲ್ಲಿಸಬೇಡಿ.

ಜ್ವರ, ನೋವಿಗೆ ವೈದ್ಯರು ಸಾಮಾನ್ಯವಾಗಿ ಮೊದಲು ಹೇಳುವುದು ಪ್ಯಾರಾಸಿಟಮಾಲ್. ನೆಗಡಿಯ ಎಷ್ಟೋ ಮಾತ್ರೆಗಳಲ್ಲೂ ಅದೇ ಇರುವುದರಿಂದ ಎರಡನ್ನೂ ನುಂಗಿದರೆ ಪ್ರಮಾಣ ಮಿತಿಮೀರಬಹುದು.

ಉಳಿದ ಮಾತ್ರೆ, ನಾಟಿ ಮದ್ದು

ಪಟ್ಟಿಯ ಮೇಲೆ ‘ಆರ್‌ಎಕ್ಸ್’ ಗುರುತಿದ್ದರೆ ಅದು ವೈದ್ಯರ ಚೀಟಿ ಇಲ್ಲದೆ ಕೊಳ್ಳುವ ಔಷಧವಲ್ಲ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಕೂಡ ಬೇಡ. ಅವುಗಳಲ್ಲೊಂದಾದ ಟೆಟ್ರಾಸೈಕ್ಲಿನ್ ಮಗುವಿನ ಹಲ್ಲಿನ ಬಣ್ಣ ಕೆಡಿಸಬಲ್ಲದು. ನಾಟಿ ಮದ್ದು ತಗೊಂಡಿದ್ದರೆ ವೈದ್ಯರಿಗೆ ಮುಚ್ಚಿಡದೆ ಹೇಳಿ.

ಕಬ್ಬಿಣದ ಮಾತ್ರೆ, ಕಾಫಿ

ಸರ್ಕಾರಿ ಆಸ್ಪತ್ರೆಯ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ ತೆಗೆದುಕೊಳ್ಳಬೇಕು. ಕಾಫಿ ಬೆಳೆಯುವ ಬೇಲೂರಿನ ಕಡೆ ಊಟವಾದ ಕೂಡಲೇ ಲೋಟ ಕೈಗೆ ಬರುತ್ತದೆ. ಕಾಫಿ, ಟೀ, ಕ್ಯಾಲ್ಸಿಯಂ ಮಾತ್ರೆ, ಗ್ಯಾಸ್ ಔಷಧ ನಾಲ್ಕೂ ಕಬ್ಬಿಣ ಸರಿಯಾಗಿ ಮೈಗೆ ಹತ್ತದಂತೆ ಮಾಡುತ್ತವೆ. ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯಿಂದ ಮಲ ಕಪ್ಪಾದರೆ ಗಾಬರಿ ಬೇಡ.

ಯಾರನ್ನು ಕೇಳುವುದು?

ಆಶಾ ಕಾರ್ಯಕರ್ತೆಯನ್ನು ಕೇಳಬಹುದು. ಪ್ರತಿ ತಿಂಗಳು 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ. ತಾಯಿ ಕಾರ್ಡಿನ ಜೊತೆ ನುಂಗಿದ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಒಯ್ಯಿರಿ.

ಐದು ತಿಂಗಳ ನಂತರ ವಿಪರೀತ ತಲೆನೋವು ಬಂದು ಕಣ್ಣು ಮಂಜಾದರೆ ಅದು ಬಿ.ಪಿ. ಏರಿದ ಲಕ್ಷಣವಿರಬಹುದು. ಆಗಲೂ, ರಕ್ತ ಹೋದಾಗಲೂ, ಮಗುವಿನ ಓಡಾಟ ಕಡಿಮೆಯಾದಾಗಲೂ ಮಾತ್ರೆ ನುಂಗಿ ಕಾಯಬೇಡಿ. 108ಕ್ಕೆ ಕರೆ ಮಾಡಿ.