ರೂಪಾಯಿ ಬಿದ್ದಾಗ ಕಂಪ್ಯೂಟರ್ ಕೊಳ್ಳುವ ಲೆಕ್ಕ

2013ರ ಮೇ ತಿಂಗಳ ಮೊದಲ ವಾರ. ಅಕ್ಕ ಸಿಇಟಿಗೆ ಓದಿಕೊಳ್ಳುತ್ತಿದ್ದಳು. ತುಮಕೂರಿನ ಹೈಸ್ಕೂಲೊಂದರಲ್ಲಿ ಮೇಷ್ಟರಾಗಿದ್ದ ಅಪ್ಪ, ಎಂಜಿನಿಯರಿಂಗ್ ಸೀಟು ಸಿಕ್ಕರೆ ಕಂಪ್ಯೂಟರ್ ಕೊಡಿಸುವುದಾಗಿ ಮಾತು ಕೊಟ್ಟಿದ್ದರು. ಬೆಂಗಳೂರಿಗೆ ಹೋಗಿದ್ದಾಗ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ವಿಚಾರಿಸಿ ಕೊಟೇಶನ್ ಬರೆಸಿಕೊಂಡು ಬಂದರು. ಪ್ರೊಸೆಸರ್, ಮದರ್‌ಬೋರ್ಡ್, 4 ಜಿ.ಬಿ. ರ‍್ಯಾಮ್, 500 ಜಿ.ಬಿ. ಹಾರ್ಡ್ ಡಿಸ್ಕ್, ಮಾನಿಟರ್ ಎಲ್ಲ ಸೇರಿ 24,500 ರೂಪಾಯಿ. ಚೀಟಿಯ ಕೊನೆಯಲ್ಲಿ 'ಈ ದರ ಇಂದಿಗೆ ಮಾತ್ರ' ಎಂದಿತ್ತು. ಆ ಸಾಲಿನ ಕಡೆ ನಮ್ಮ ಮನೆಯಲ್ಲಿ ಯಾರೂ ಗಮನ ಕೊಡಲಿಲ್ಲ.

ಆಗ ಒಂದು ಡಾಲರಿಗೆ ಸುಮಾರು 54 ರೂಪಾಯಿ. ಅದೇ ತಿಂಗಳ 22ರಂದು ಅಮೆರಿಕದ ಫೆಡರಲ್ ರಿಸರ್ವ್‌ನ ಅಧ್ಯಕ್ಷರಾಗಿದ್ದ ಬೆನ್ ಬರ್ನಾಂಕೆ, ಮಾರುಕಟ್ಟೆಗೆ ಹಣ ಹರಿಸುವುದನ್ನು ಮುಂದೆ ಕಡಿಮೆ ಮಾಡಬಹುದೆಂಬ ಸುಳಿವು ಕೊಟ್ಟರು. ಭಾರತದಂಥ ದೇಶಗಳಲ್ಲಿ ತೊಡಗಿಸಿದ್ದ ಡಾಲರುಗಳು ಗೂಡಿಗೆ ಮರಳುವ ಹಕ್ಕಿಗಳಂತೆ ಹೊರಟವು. ಜೂನ್‌ನಲ್ಲಿ ಡಾಲರ್ ಬೆಲೆ 60 ರೂಪಾಯಿ ದಾಟಿತು. ಆಗಸ್ಟ್ 28ರಂದು 68ನ್ನೂ ಮೀರಿತು. ಅಷ್ಟರಲ್ಲಿ ಅಕ್ಕನಿಗೆ ಊರಿನಲ್ಲೇ ಸೀಟು ಸಿಕ್ಕಿತ್ತು. ಅಪ್ಪ ಅದೇ ಅಂಗಡಿಗೆ ಹೋದರೆ ಅದೇ ಪಟ್ಟಿಗೆ 28,200 ರೂಪಾಯಿ ಹೇಳಿದರು. 'ಡಾಲರ್ ಇಳಿಯಲಿ, ಆಮೇಲೆ ನೋಡೋಣ' ಎಂದು ಅಪ್ಪ ಬರಿಗೈಯಲ್ಲಿ ವಾಪಸಾದರು. ಅಂದಿನಿಂದ ಬೆಳಿಗ್ಗೆ ಪತ್ರಿಕೆ ಬಂದರೆ ಅವರು ಮೊದಲು ತೆರೆಯುತ್ತಿದ್ದುದು ವಾಣಿಜ್ಯ ಪುಟ. ಏಳನೇ ತರಗತಿಯಲ್ಲಿದ್ದ ನನಗೆ ಡಾಲರ್ ದರ ಎಂದರೇನು ಎಂದು ಗೊತ್ತಾದದ್ದು ಹಾಗೆ.

ಅಪ್ಪನ ಲೆಕ್ಕ ಅರ್ಧ ಸರಿಯಾಯಿತು. ನವೆಂಬರ್ ಹೊತ್ತಿಗೆ ಡಾಲರ್ 62ರ ಆಸುಪಾಸಿಗೆ ಇಳಿಯಿತು. ಕಂಪ್ಯೂಟರ್ ಮಾತ್ರ 28,000ದಲ್ಲೇ ನಿಂತಿತ್ತು.

'ಡಾಲರ್ ಆರು ರೂಪಾಯಿ ಇಳಿದಿದೆಯಲ್ಲಪ್ಪ, ನಿಮ್ಮ ರೇಟು ಯಾಕೆ ಇಳಿದಿಲ್ಲ?' ಎಂದು ಅಪ್ಪ ಕೇಳಿದರಂತೆ. 'ಇದು ಆಗಸ್ಟ್ ಮಾಲು ಸಾರ್, ಹಳೇ ರೇಟಲ್ಲಿ ತಂದಿದ್ದು' ಎಂದು ಅಂಗಡಿಯವರ ಉತ್ತರ. 'ಹಾಗಾದರೆ ಆಗಸ್ಟ್‌ನಲ್ಲಿ ನೀವು ಇಟ್ಟುಕೊಂಡಿದ್ದು ಮೇ ತಿಂಗಳ ಮಾಲಲ್ಲವೇ?' ಎಂದರೆ, ಅವರು ನಕ್ಕು ಟೀ ತರಿಸಿದರಂತೆ.

ಅಪ್ಪನ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ನನಗೆ ಸಿಕ್ಕಿದ್ದು ವರದಿಗಾರಿಕೆಗೆ ಬಂದು, ವ್ಯಾಪಾರದ ಒಳಗುಟ್ಟು ಬಲ್ಲವರನ್ನು ಮಾತನಾಡಿಸಿದ ಮೇಲೆ. ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈನ ರಿಚಿ ಸ್ಟ್ರೀಟ್, ದೆಹಲಿಯ ನೆಹರೂ ಪ್ಲೇಸ್ ಎಲ್ಲಿಗೇ ಹೋಗಿ, ಬಿಡಿಭಾಗಗಳಲ್ಲಿ ಹೆಚ್ಚಿನವು ಹೊರದೇಶದವು. ಮೆಮೊರಿ ಚಿಪ್ ಕೊರಿಯಾದ್ದಿರಲಿ, ಮದರ್‌ಬೋರ್ಡ್ ತೈವಾನಿನದಿರಲಿ, ವ್ಯವಹಾರ ನಡೆಯುವುದು ಡಾಲರಿನಲ್ಲಿ. ಸಗಟು ಆಮದುದಾರರು ಸಾಮಾನ್ಯವಾಗಿ ಮಾಲನ್ನು ಉದ್ದರಿಯಲ್ಲಿ ತರಿಸುತ್ತಾರೆ. ಸರಕು ಇಂದು ಬಂದರೆ ದುಡ್ಡು ಕೊಡುವುದು ಅರವತ್ತೋ ತೊಂಬತ್ತೋ ದಿನಗಳ ಮೇಲೆ, ಅದೂ ಅಂದಿನ ದರದಲ್ಲಿ ಡಾಲರ್ ಕೊಂಡು. ಮೇ ತಿಂಗಳಲ್ಲಿ ಬಂದಿಳಿದ ಸರಕಿಗೆ ಆಗಸ್ಟ್‌ನಲ್ಲಿ 68 ರೂಪಾಯಿಯಂತೆ ಹಣ ಕಟ್ಟಬೇಕಾದವನಿಗೆ ಅದು 'ಹಳೇ ಮಾಲು' ಆಗುವುದಿಲ್ಲ. ದರವನ್ನು ಬ್ಯಾಂಕಿನೊಡನೆ ಮೊದಲೇ ನಿಗದಿ ಮಾಡಿಕೊಳ್ಳುವ ಫಾರ್ವರ್ಡ್ ಕರಾರು ಇದೆ, ನಿಜ. ಆದರೆ ಅದಕ್ಕೂ ಖರ್ಚುಂಟು. ದೊಡ್ಡ ಕಂಪನಿಗಳು ಮಾಡಿಕೊಳ್ಳುತ್ತವೆ, ಸಣ್ಣವರು ಬಹುತೇಕ ದೇವರ ಮೇಲೆ ಭಾರ ಹಾಕುತ್ತಾರೆ. ಹೀಗಾಗಿ ಬೆಲೆ ಏರುವಾಗ ಮೊಲ, ಇಳಿಯುವಾಗ ಆಮೆ. ಅಂಗಡಿಯವರ ಲಾಭದಾಸೆ ಇದರಲ್ಲಿ ಇಲ್ಲವೇ ಇಲ್ಲ ಎಂದು ನಾನು ಹೇಳಲಾರೆ. ಆದರೆ ಎಲ್ಲವೂ ಲಾಭದಾಸೆಯಲ್ಲ.

ಇನ್ನೊಂದು ವಿಷಯ ಅಂಕಿಗಳಲ್ಲೇ ಅಡಗಿದೆ. ಡಾಲರಿನಲ್ಲಿ 500 ಬೆಲೆಯ ಯಂತ್ರವೊಂದಿದೆ ಎಂದಿಟ್ಟುಕೊಳ್ಳಿ. 54ರ ದರದಲ್ಲಿ ಅದು 27,000 ರೂಪಾಯಿ, 68ರ ದರದಲ್ಲಿ 34,000. ಅದೇ ಯಂತ್ರ, 7,000 ರೂಪಾಯಿ ಹೆಚ್ಚು. ತೆರಿಗೆ ಹಾಕುವುದು ರೂಪಾಯಿ ಬೆಲೆಯ ಮೇಲಾದ್ದರಿಂದ, ಈಗಿನ ಶೇಕಡ 18ರ ಜಿಎಸ್‌ಟಿ ಲೆಕ್ಕ ಹಿಡಿದರೆ ಆ 7,000ಕ್ಕೆ ಮತ್ತೆ 1,260 ಸೇರುತ್ತದೆ. ಅಂದರೆ ಮೇ ತಿಂಗಳಿಂದ ಆಗಸ್ಟ್‌ಗೆ ಬೆಲೆ ಕಾಲು ಭಾಗದಷ್ಟು ಏರಬೇಕಿತ್ತು. ಅಪ್ಪನಿಗೆ ಹೇಳಿದ ಬೆಲೆ ಏರಿದ್ದು ಶೇಕಡ 15ರಷ್ಟು ಮಾತ್ರ. 54ರಿಂದ 62ಕ್ಕೆ ಹೋದರೆ ಎಷ್ಟು ಏರಿಕೆಯೋ ಹೆಚ್ಚು ಕಡಿಮೆ ಅಷ್ಟೇ. ಗಿರಾಕಿ ಓಡಿಹೋಗುವ ಭಯಕ್ಕೆ ವ್ಯಾಪಾರಿಗಳು ಪೂರ್ತಿ ಹೊರೆಯನ್ನು ಒಮ್ಮೆಲೇ ಹೊರಿಸಿರಲಿಲ್ಲ. 68ರ ಬೆಲೆ ಅಂಗಡಿಗೆ ಬಂದೇ ಇರಲಿಲ್ಲ, ಆದ್ದರಿಂದ ಡಾಲರ್ 62ಕ್ಕೆ ಇಳಿದಾಗ ಕಳೆಯುವುದಕ್ಕೆ ಏನೂ ಇರಲಿಲ್ಲ. ಅಪ್ಪ ಮೂರು ತಿಂಗಳು ಕಾದದ್ದು ಆಗದೇ ಇದ್ದ ಏರಿಕೆಯ ಇಳಿಕೆಗಾಗಿ!

ಇದರ ಜೊತೆಗೆ ರೂಪಾಯಿಗೆ ಸಂಬಂಧವೇ ಇಲ್ಲದ ಘಟನೆಯೊಂದು ನಡೆಯಿತು. 2013ರ ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿ ಅಧಿಕಾರ ವಹಿಸಿಕೊಂಡರು. ಅನಿವಾಸಿ ಭಾರತೀಯರಿಂದ ಡಾಲರ್ ಠೇವಣಿ ತರುವ ಬ್ಯಾಂಕುಗಳಿಗೆ ವಿಶೇಷ ರಿಯಾಯಿತಿ ಪ್ರಕಟಿಸಿದರು. ನವೆಂಬರ್ ಕೊನೆಯ ಹೊತ್ತಿಗೆ ಈ ದಾರಿಯಲ್ಲಿ ಸುಮಾರು 2,600 ಕೋಟಿ ಡಾಲರ್ ಬಂದು ರೂಪಾಯಿ ಚೇತರಿಸಿಕೊಂಡಿತು. ಅದೇ ಸೆಪ್ಟೆಂಬರ್ 4ರಂದು ಚೀನಾದ ವುಶಿ ನಗರದಲ್ಲಿದ್ದ ಎಸ್‌ಕೆ ಹೈನಿಕ್ಸ್ ಕಂಪನಿಯ ಕಾರ್ಖಾನೆಗೆ ಬೆಂಕಿ ಬಿತ್ತು. ಮೆಮೊರಿ ಚಿಪ್ ತಯಾರಿಕೆಯಲ್ಲಿ ಅದು ಆಗ ಜಗತ್ತಿನಲ್ಲೇ ಎರಡನೆಯ ಸ್ಥಾನದಲ್ಲಿದ್ದ ಕಂಪನಿ. ಕೆಲವೇ ದಿನಗಳಲ್ಲಿ ರ‍್ಯಾಮ್ ಬೆಲೆ ಎಲ್ಲೆಡೆ ಏರಿತು. ನಮ್ಮ ಹೊಸ ಕೊಟೇಶನ್‌ನಲ್ಲಿ ರ‍್ಯಾಮ್ ಒಂದಕ್ಕೇ ಮೇ ತಿಂಗಳಿಗಿಂತ ಹತ್ತಿರ ಹತ್ತಿರ ಸಾವಿರ ರೂಪಾಯಿ ಜಾಸ್ತಿ ಇತ್ತು. ಮುಂಬಯಿಯಲ್ಲಿ ಉಳಿಸಿದ್ದು ವುಶಿಯಲ್ಲಿ ಸುಟ್ಟುಹೋಯಿತು.

ಇಂಥದ್ದು ಅಪರೂಪವೇನಲ್ಲ. ಅದಕ್ಕೆ ಎರಡೇ ವರ್ಷ ಮೊದಲು, 2011ರ ಕೊನೆಯಲ್ಲಿ, ಥಾಯ್ಲೆಂಡಿನ ಪ್ರವಾಹದಲ್ಲಿ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದ್ದವು. ಅದೇ ಜುಲೈನಲ್ಲಿ 44ರ ಆಸುಪಾಸಿನಲ್ಲಿದ್ದ ಡಾಲರ್ ಡಿಸೆಂಬರಿಗೆ 54ರ ಹತ್ತಿರ ಬಂದಿತ್ತು. ಹಾರ್ಡ್ ಡಿಸ್ಕ್ ಕೊಳ್ಳಹೋದವರಿಗೆ ಆ ವರ್ಷ ಎರಡೂ ಕಡೆಯಿಂದ ಪೆಟ್ಟು.

ಸ್ವಲ್ಪ ಹಿಂದಕ್ಕೆ ಹೋಗೋಣ. ನಮ್ಮ ಹಿರಿಯರ ಕಾಲದಲ್ಲಿ ರೂಪಾಯಿ ದಿನಾ ಏರಿಳಿಯುತ್ತಿರಲಿಲ್ಲ. ಅಪಮೌಲ್ಯವೆಂದರೆ ಸರ್ಕಾರದ ಪ್ರಕಟಣೆ. 1966ರ ಜೂನ್ 6ರಂದು ಡಾಲರ್ 4.76 ರೂಪಾಯಿಯಿಂದ 7.50ಕ್ಕೆ ಒಂದೇ ನೆಗೆತದಲ್ಲಿ ಹೋಯಿತು. 1991ರ ಜುಲೈ 1 ಮತ್ತು 3ರಂದು ಎರಡು ಕಂತುಗಳಲ್ಲಿ 21ರ ಹತ್ತಿರದಿಂದ 26ರ ಹತ್ತಿರಕ್ಕೆ ಏರಿತು. ಕಾಯಬೇಕೋ ಬೇಡವೋ ಎಂದು ಯೋಚಿಸುವುದಕ್ಕೆ ಕೊಳ್ಳುವವನಿಗೆ ಅವಕಾಶವೇ ಇರಲಿಲ್ಲ. 1993ರ ಮಾರ್ಚ್‌ನಿಂದ ದರವನ್ನು ಮಾರುಕಟ್ಟೆಗೆ ಬಿಡಲಾಯಿತು. ವಾಣಿಜ್ಯ ಪುಟ ನೋಡಿ ಕೊಳ್ಳುವ ಅಪ್ಪನಂಥವರು ಹುಟ್ಟಿಕೊಂಡದ್ದು ಆ ಬಳಿಕ.

ಹಾಗಿದ್ದರೂ 1991ರಿಂದ ಮುಂದೆ ರೂಪಾಯಿ ಇಳಿಯುತ್ತ ಹೋದಂತೆ ಕಂಪ್ಯೂಟರ್ ದುಬಾರಿಯಾಗುತ್ತ ಹೋಗಲಿಲ್ಲ, ಅಗ್ಗವಾಯಿತು. ಕಾರಣ ಎರಡು. ಚಿಪ್ಪಿನೊಳಗಿನ ಟ್ರಾನ್ಸಿಸ್ಟರುಗಳ ಸಂಖ್ಯೆ ಸುಮಾರು ಎರಡು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆಂದು ಗಾರ್ಡನ್ ಮೂರ್ 1975ರಲ್ಲಿ ಹೇಳಿದ್ದು ದಶಕಗಳ ಕಾಲ ಹೆಚ್ಚು ಕಡಿಮೆ ನಿಜವಾಯಿತು. ಅಷ್ಟೇ ಕೆಲಸದ ಯಂತ್ರ ವರ್ಷದಿಂದ ವರ್ಷಕ್ಕೆ ಡಾಲರಿನಲ್ಲಿ ಅಗ್ಗವಾಗುತ್ತ ಬಂತು. ಇನ್ನೊಂದು, 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸೇರಿ, 2005ರ ಹೊತ್ತಿಗೆ ಕಂಪ್ಯೂಟರ್ ಮೇಲಿನ ಮೂಲ ಆಮದು ಸುಂಕವನ್ನು ಸೊನ್ನೆಗೆ ಇಳಿಸಿತು. ರೂಪಾಯಿಯ ಸೋಲನ್ನು ಇವೆರಡೂ ಮುಚ್ಚಿಹಾಕಿದವು. ಈಗ ಇಳಿಸಲು ಆ ಸುಂಕ ಉಳಿದಿಲ್ಲ. ಚಿಪ್ಪುಗಳು ಅಗ್ಗವಾಗುವ ವೇಗವೂ ಮೊದಲಿನದಲ್ಲ. ಹಾಗಾಗಿ ರೂಪಾಯಿಯ ಕುಸಿತ ಈಗ ಬರಿಗಣ್ಣಿಗೇ ಕಾಣುತ್ತದೆ.

ಕಾಯುವವರು ಇರುವಂತೆ ಅವಸರಪಡುವವರೂ ಇದ್ದಾರೆ. ಅದರ ವಿಪರೀತ ರೂಪ ಕಂಡದ್ದು ರಷ್ಯಾದಲ್ಲಿ, 2014ರ ಡಿಸೆಂಬರ್‌ನಲ್ಲಿ. ತೈಲ ಬೆಲೆ ಕುಸಿದು ರೂಬಲ್ ನೆಲಕಚ್ಚಿತು. ಅಲ್ಲಿನ ಕೇಂದ್ರ ಬ್ಯಾಂಕು ನಡುರಾತ್ರಿ ಬಡ್ಡಿ ದರವನ್ನು ಶೇಕಡ 10.5ರಿಂದ 17ಕ್ಕೆ ಏರಿಸಿದರೂ ಮರುದಿನ ಡಾಲರ್ 80 ರೂಬಲ್ ಹತ್ತಿರ ಹೋಯಿತು. ಆಪಲ್ ಕಂಪನಿ ಅಲ್ಲಿ ಆನ್‌ಲೈನ್ ಮಾರಾಟವನ್ನೇ ನಿಲ್ಲಿಸಿತು. ಕೈಲಿದ್ದ ನೋಟು ಕರಗುವ ಮೊದಲು ಜನ ಟಿ.ವಿ., ಫ್ರಿಜ್, ಲ್ಯಾಪ್‌ಟಾಪ್‌ಗಳನ್ನು ಹೊತ್ತೊಯ್ದರು. 2015ರ ಮೇ ಹೊತ್ತಿಗೆ ಡಾಲರ್ 50 ರೂಬಲ್ ಆಸುಪಾಸಿಗೆ ಇಳಿದಿತ್ತು. ಹಳೆಯ ಬೆಲೆಚೀಟಿ ಬದಲಾಗುವ ಮೊದಲು ಕೊಂಡವರು ಗೆದ್ದರು, ಸಂಜೆ ಹೊತ್ತಿಗೆ ಅಂಗಡಿಗೆ ಓಡಿದವರು ಏನು ಸಿಕ್ಕಿತೋ ಅದನ್ನು ಹೇಳಿದ ಬೆಲೆಗೆ ತಂದರು.

ಈಗ ಈ ಮಾತೆಲ್ಲ ಯಾಕೆಂದರೆ, 2025ರ ಡಿಸೆಂಬರ್ ಮೊದಲ ವಾರದಲ್ಲಿ ಡಾಲರ್ ಮೊದಲ ಬಾರಿಗೆ 90 ರೂಪಾಯಿ ದಾಟಿತು. ಅದೇ ವಾರ ಮೈಕ್ರಾನ್ ಕಂಪನಿ, ಜನಸಾಮಾನ್ಯರಿಗೆ ಕ್ರೂಶಿಯಲ್ ಹೆಸರಿನಲ್ಲಿ ರ‍್ಯಾಮ್ ಮಾರುವ ವ್ಯವಹಾರದಿಂದ ಹೊರಬರುವುದಾಗಿ ಪ್ರಕಟಿಸಿತು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಕೇಳಿದಷ್ಟು ಕೊಟ್ಟು ಮೆಮೊರಿ ಚಿಪ್ ಕೊಳ್ಳುತ್ತಿರುವಾಗ ಒಂದೊಂದೇ ಕೇಳುವ ಗಿರಾಕಿ ಅವರಿಗೆ ಬೇಡವಾಗಿದ್ದಾನೆ. 2013ರ ಹಾಗೆಯೇ ಡಾಲರ್ ಮತ್ತು ರ‍್ಯಾಮ್ ಎರಡೂ ಒಟ್ಟಿಗೆ ಏರಿದ ಕಾಲ. ಡಾಲರ್ ಇಳಿಯಲೆಂದು ಕಾಯುವವರು ಈ ಎರಡನೆಯದನ್ನು ಮರೆಯಬಾರದು. ಕಾರ್ಖಾನೆಯ ಬೆಂಕಿ ತಿಂಗಳುಗಳಲ್ಲಿ ಆರಿತು, ಈ ಬೇಡಿಕೆ ಯಾವಾಗ ತಣ್ಣಗಾಗುತ್ತದೋ ಹೇಳುವಂತಿಲ್ಲ.

ಮಗಳ ತರಗತಿಗೆ, ದುಡಿಮೆಗೆ ಬೇಕೆಂದರೆ ಬೇಕಾದ ತಾರೀಕಿಗೆ ಕೊಳ್ಳುವುದೇ ಸರಿ ಎಂದು ನನ್ನ ಅನಿಸಿಕೆ. ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಬದಲಿಸುವ ಆಸೆಯಾದರೆ ಕಾಯಬಹುದು, ಆದರೆ ವಾರಗಟ್ಟಲೆ ಅಲ್ಲ, ವರ್ಷಗಟ್ಟಲೆ. ಹಬ್ಬದ ರಿಯಾಯಿತಿಯನ್ನು ನಂಬುವ ಮೊದಲು ಅದೇ ಮಾದರಿಗೆ ಎರಡು ತಿಂಗಳ ಹಿಂದೆ ಎಷ್ಟಿತ್ತು ಎಂದು ಕೇಳಿಕೊಳ್ಳಿ. ಏರಿಸಿದ ಬೆಲೆಯಿಂದ ಇಳಿಸುವುದು ಸುಲಭ. ಮತ್ತೊಂದು ಸಂಗತಿ: ಮೊದಲೆಲ್ಲ ಕಡಿಮೆ ರ‍್ಯಾಮ್ ಹಾಕಿಸಿಕೊಂಡು, ಬೆಲೆ ಇಳಿದ ಮೇಲೆ ಇನ್ನೊಂದು ಸೇರಿಸಬಹುದಿತ್ತು. ಈಗಿನ ಅನೇಕ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಖಾಲಿ ಸ್ಲಾಟ್ ಇದೆಯೇ ಎಂಬ ಒಂದು ಪ್ರಶ್ನೆ ಡಾಲರ್ ದರಕ್ಕಿಂತ ಹೆಚ್ಚು ದುಡ್ಡು ಉಳಿಸೀತು.

ಅಕ್ಕನಿಗೆ ಕಂಪ್ಯೂಟರ್ ಬಂದದ್ದು ನವೆಂಬರ್ ಕೊನೆಗೆ, 28,000 ರೂಪಾಯಿಗೆ. ಅಲ್ಲಿಯವರೆಗೆ ಸಿ ಪ್ರೋಗ್ರಾಮುಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡು, ವಾರಕ್ಕೊಮ್ಮೆ ಕಾಲೇಜಿನ ಲ್ಯಾಬಿನಲ್ಲಿ ಟೈಪ್ ಮಾಡಿ ತಪ್ಪು ಹುಡುಕುತ್ತಿದ್ದಳು. ಮೊದಲ ಸೆಮಿಸ್ಟರ್ ಮುಗಿಯಲು ಆಗ ಕೆಲವೇ ವಾರಗಳಿದ್ದವು. 2016ರಲ್ಲಿ ಆ ಯಂತ್ರಕ್ಕೆ ಇನ್ನೊಂದು 4 ಜಿ.ಬಿ. ರ‍್ಯಾಮ್ ಹಾಕಿಸಿದೆವು. ಡಾಲರ್ ಆಗ 67 ರೂಪಾಯಿ. ರ‍್ಯಾಮ್ ಮಾತ್ರ 2013ರ ನವೆಂಬರಿನದಕ್ಕಿಂತ ಅಗ್ಗವಾಗಿತ್ತು.